ಸಣ್ಣ ಸಂಸ್ಥೆಗಳಲ್ಲಿ ಸಿಬ್ಬಂದಿ ವಿಹಾರ: ಯೋಜಿಸುವ ಕ್ರಮ

ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ವಿಹಾರಕ್ಕೆ ಕರೆದೊಯ್ಯುವುದು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಸಲ್ಲುವ ಪದ್ಧತಿಯೆಂದು ನಮ್ಮ ವರ್ತಕರಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದರ ಅಗತ್ಯ ಸಣ್ಣ ಸಂಸ್ಥೆಗಳಿಗೇ ಹೆಚ್ಚು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂತಹ ಹೋಬಳಿ ಕೇಂದ್ರದಲ್ಲಿ ಎಂಟು ಮಂದಿ ದುಡಿಯುವ ಗೊಬ್ಬರ ಮತ್ತು ಬಿತ್ತನೆ ಬೀಜದ ಮಳಿಗೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಒಬ್ಬ ಅನುಭವಿ ಗುಮಾಸ್ತ ಕೆಲಸ ಬಿಟ್ಟರೆ ಕುಂದುವುದು ಎಂಟನೆಯ ಒಂದು ಪಾಲು ಶಕ್ತಿ ಮಾತ್ರವಲ್ಲ. ಯಾವ ರೈತರಿಗೆ ಎಷ್ಟು ಸಾಲ ಕೊಡಬಹುದು, ಯಾರು ಸುಗ್ಗಿಯ ನಂತರ ತಪ್ಪದೆ ತೀರಿಸುತ್ತಾರೆ ಎಂಬ ತಿಳಿವಳಿಕೆಯೂ ಅವನೊಡನೆ ಹೊರಟುಹೋಗುತ್ತದೆ. ಅಂತಹವರನ್ನು ಉಳಿಸಿಕೊಳ್ಳುವ ಉಪಾಯಗಳಲ್ಲಿ ವಿಹಾರವೂ ಒಂದು. ಆದರೆ ಯೋಜನೆ ಸರಿಯಿರಬೇಕು.

1. ಮೊದಲ ನಿಯಮ: ದಿನವನ್ನು ಮಾಲೀಕರು ಕೊಡಬೇಕು

ವಿಹಾರಗಳು ವಿಫಲವಾಗುವ ಮುಖ್ಯ ಕಾರಣ ಸ್ಥಳವೂ ಅಲ್ಲ, ಊಟವೂ ಅಲ್ಲ. ಸಿಬ್ಬಂದಿಯ ವಾರದ ರಜೆಯನ್ನೇ ಅದಕ್ಕೆ ಬಳಸುವುದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ವಾರಕ್ಕೊಂದು ಪೂರ್ಣ ದಿನದ ರಜೆಯನ್ನು ನೌಕರರ ಹಕ್ಕಾಗಿಸಿದೆ. ಹೊಲದ ಕೆಲಸ, ಮನೆಯ ಸಾಮಾನು, ಮಕ್ಕಳ ಆಸ್ಪತ್ರೆ, ಬಂಧುಗಳ ಮದುವೆ ಎಲ್ಲವೂ ಆ ಒಂದು ದಿನದಲ್ಲಿಯೇ ಆಗಬೇಕು. ಅದನ್ನು ಕಿತ್ತುಕೊಂಡು ಸಂತೋಷಪಡಿರೆಂದರೆ ಯಾರೂ ಸಂತೋಷಪಡುವುದಿಲ್ಲ. ಆದುದರಿಂದ ವಿಹಾರವು ಸಂಬಳಸಹಿತ ಕೆಲಸದ ದಿನದಂದು ನಡೆಯಲಿ. ಬರಲಾಗದವರ ಸಂಬಳ ಕಡಿತವಾಗದಿರಲಿ. ಅವರು ಕಾರಣ ವಿವರಿಸಬೇಕಾದ ಪರಿಸ್ಥಿತಿಯೂ ಬಾರದಿರಲಿ.

2. ವೆಚ್ಚದ ಲೆಕ್ಕ

ಒಂದು ದಿನ ಬಾಗಿಲು ಹಾಕಿದರೆ ನಷ್ಟವಲ್ಲವೇ ಎಂಬ ಪ್ರಶ್ನೆ ಸಹಜ. ಮಳಿಗೆಯ ದಿನದ ವಹಿವಾಟು 20,000 ರೂ., ಲಾಭಾಂಶ ಶೇ. 10 ಎಂದಿಟ್ಟುಕೊಳ್ಳೋಣ. ಆಗ ತಪ್ಪಿದ ಗಳಿಕೆ 20,000 ಅಲ್ಲ, 2,000 ರೂ. ಮಾತ್ರ. ಒಂದು ವಾರ ಮುಂಚಿತವಾಗಿ ಫಲಕ ಹಾಕಿದರೆ ಖಾಯಂ ಗಿರಾಕಿಗಳಲ್ಲಿ ಹಲವರು ಹಿಂದಿನ ದಿನವೋ ಮರುದಿನವೋ ಬರುತ್ತಾರೆ. ವಾಹನ, ಊಟ, ಆ ದಿನದ ಸಂಬಳ, ತಪ್ಪಿದ ಗಳಿಕೆ, ತುರ್ತು ಮೊತ್ತ ಎಂಬ ಐದು ಬಾಬುಗಳಲ್ಲಿ ಅಂದಾಜು ಬರೆದಿಟ್ಟು, ಎಲ್ಲ ಖರ್ಚಿಗೂ ಸಂಸ್ಥೆಯ ಹೆಸರಿನಲ್ಲಿಯೇ ರಸೀದಿ ಪಡೆಯತಕ್ಕದ್ದು. ಸಿಬ್ಬಂದಿಯಿಂದ ವಂತಿಗೆ ಎತ್ತಬಾರದು.

3. ದಿನಾಂಕದ ಆಯ್ಕೆ

ಗೊಬ್ಬರದ ವ್ಯಾಪಾರಕ್ಕೆ ಮುಂಗಾರು ಬಿತ್ತನೆಯ ಜೂನ್, ಜುಲೈ ತಿಂಗಳುಗಳು ಬಿಡುವಿಲ್ಲದ ಕಾಲ. ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಮೇ ತಿಂಗಳಿನಿಂದ ಜುಲೈವರೆಗೆ ಸುಗ್ಗಿ. ಪ್ರತಿ ತಿಂಗಳು ಜಿ.ಎಸ್.ಟಿ. ವಿವರ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳು ಗಡುವು; ಆ ದಿನಗಳ ಸುತ್ತಮುತ್ತ ಲೆಕ್ಕಿಗರನ್ನು ಕರೆದೊಯ್ದರೆ ಅವರ ಮನಸ್ಸು ಕಡತದಲ್ಲಿಯೇ ಇರುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳ ತಂಪು ಹವೆ ಬೆಟ್ಟ ಹತ್ತುವುದಕ್ಕೆ ಅನುಕೂಲ. ಅವರೆಕಾಯಿಯ ಕಾಲವೂ ಹೌದು.

4. ಸ್ಥಳ ಮತ್ತು ವೇಳಾಪಟ್ಟಿ

ರಾತ್ರಿ ತಂಗುವ ಪ್ರವಾಸಕ್ಕೆ ಮಹಿಳಾ ನೌಕರರಲ್ಲಿ ಹಲವರಿಗೆ ಮನೆಯಿಂದ ಅನುಮತಿ ಸಿಗುವುದು ಕಷ್ಟ; ಚಿಕ್ಕ ಮಕ್ಕಳಿರುವವರಿಗೆ ಇನ್ನೂ ಕಷ್ಟ. ಆದ್ದರಿಂದ ಸೂರ್ಯಾಸ್ತದೊಳಗೆ ಮನೆ ಸೇರುವ ಒಂದು ದಿನದ ವಿಹಾರವೇ ಸೂಕ್ತ. ಅಂತಹ ಸ್ಥಳಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲಾ ಗಣಪತಿ ಹಾಗೂ ಸೋಮೇಶ್ವರ ದೇವಾಲಯ, ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮೂಹ ಮತ್ತು ಸೀತೆಯ ನೆನಪನ್ನು ಹೊತ್ತ ಬೆಟ್ಟ, ಕೋಲಾರದ ಬಳಿ ಅಂತರಗಂಗೆ ಇವೆ. ತಂಡದಲ್ಲಿ ಬೇರೆ ಬೇರೆ ಧರ್ಮದವರಿದ್ದರೆ ದೇವಸ್ಥಾನದ ದರ್ಶನವನ್ನು ಐಚ್ಛಿಕವಾಗಿಟ್ಟು ಬೆಟ್ಟ ಹತ್ತುವುದನ್ನು ಮುಖ್ಯವಾಗಿಸಬಹುದು. ಮೂರು ಸ್ಥಳಗಳನ್ನು ಸೂಚಿಸಿ ಚೀಟಿಯಲ್ಲಿ ಮತ ಕೇಳುವುದು ಒಳ್ಳೆಯ ಕ್ರಮ. ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರೂ ಮಾಲೀಕರ ಇಷ್ಟವನ್ನೇ ಹೇಳುತ್ತಾರೆ.

ಆವನಿಯನ್ನು ಆರಿಸಿದರೆ ಮಾದರಿ ವೇಳಾಪಟ್ಟಿ ಹೀಗಿರಬಹುದು:

ಬೆಳಿಗ್ಗೆ 7.00: ಬೈರಕೂರಿನಿಂದ ಹೊರಡುವುದು
8.00: ಮುಳಬಾಗಿಲಿನಲ್ಲಿ ದೋಸೆಯ ಉಪಾಹಾರ
9.30: ಬಿಸಿಲೇರುವ ಮೊದಲು ಬೆಟ್ಟ; ಹತ್ತಲಾಗದವರಿಗೆ ಕೆಳಗೆ ದೇವಾಲಯ ವೀಕ್ಷಣೆ
ಮಧ್ಯಾಹ್ನ 1.00: ಊಟ
2.00: ಬಿಡುವು
3.00: ಒಂದು ಗಂಟೆಯ ಮಾತುಕತೆ
4.00: ಹಿಂದಿರುಗುವುದು

ಊಟಕ್ಕೆ ರಾಗಿಮುದ್ದೆ, ಅವರೆಕಾಳಿನ ಸಾರನ್ನು ಹೇಳಿಸಬಹುದು. ಮಾಂಸಾಹಾರಿ, ಸಸ್ಯಾಹಾರಿಗಳ ಸಂಖ್ಯೆಯನ್ನು ಮೊದಲೇ ತಿಳಿದುಕೊಳ್ಳಬೇಕು. ಅಡುಗೆ, ಬಡಿಸುವಿಕೆಗಳನ್ನು ಸಿಬ್ಬಂದಿಯ ಮಹಿಳೆಯರಿಗೆ ವಹಿಸಿದರೆ ಅವರಿಗೆ ಅದು ವಿಹಾರವಾಗುವುದಿಲ್ಲ.

5. ವಾಹನ ಮತ್ತು ಕಾನೂನು

ಪರಿಚಯದವರ ಖಾಸಗಿ ವಾಹನವನ್ನು ಬಾಡಿಗೆಗೆ ಪಡೆಯಬಾರದು. ಅಪಘಾತವಾದಲ್ಲಿ ವಿಮೆ ದೊರೆಯುವುದು ಕಷ್ಟ. ಹಳದಿ ಫಲಕದ ವಾಹನದ ಪರವಾನಗಿ ಮತ್ತು ವಿಮೆಯನ್ನು ಪರಿಶೀಲಿಸಿರಿ. ಆಂಧ್ರದ ಗಡಿ ಹತ್ತಿರವಿರುವುದರಿಂದ ಕಾಣಿಪಾಕಂ ಕಡೆಗೆ ಹೋಗುವುದಾದರೆ ಅಂತರರಾಜ್ಯ ಪರವಾನಗಿಯನ್ನೂ ನೋಡಿಕೊಳ್ಳಬೇಕು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ದೃಷ್ಟಿಯಲ್ಲಿ ಉದ್ಯೋಗದ ನಿಮಿತ್ತ ಹೋದ ಸ್ಥಳವೂ ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇರುವಲ್ಲಿ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬಹುದು. ಮದ್ಯಪಾನಕ್ಕೆ ಅವಕಾಶವಿಲ್ಲವೆಂದು ಹೊರಡುವ ಮೊದಲೇ ಸ್ಪಷ್ಟಪಡಿಸುವುದು ಕ್ಷೇಮ.

6. ಒಂದು ಗಂಟೆಯ ಮಾತುಕತೆ

ಮಾಲೀಕರ ಭಾಷಣಕ್ಕೆ ಇಲ್ಲಿ ಸ್ಥಾನವಿಲ್ಲ. ಕೆಲಸದಲ್ಲಿ ಯಾವುದು ತೊಡಕಾಗಿದೆ, ಯಾವುದನ್ನು ಸುಲಭವಾಗಿ ಸರಿಪಡಿಸಬಹುದು ಎಂಬ ಎರಡೇ ಪ್ರಶ್ನೆಗಳು ಸಾಕು. ಈ ಗಡಿ ಭಾಗದಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ಅವರವರಿಗೆ ಸಲೀಸಾದ ಭಾಷೆಯಲ್ಲಿಯೇ ಮಾತನಾಡಲಿ. ಮೂಟೆ ಹೊರುವವರಿಂದ ಆರಂಭಿಸಿ ಮಾಲೀಕರು ಕೊನೆಯಲ್ಲಿ ಮಾತನಾಡಿದರೆ ನಿಜ ಸಂಗತಿ ಹೊರಬರುತ್ತದೆ. ಮೂಟೆ ಇಳಿಸುವ ಜಾಗದಲ್ಲಿ ನೆರಳಿಲ್ಲ, ಕುಡಿಯುವ ನೀರು ದೂರ, ಮಧ್ಯಾಹ್ನದ ಊಟಕ್ಕೆ ನಿಶ್ಚಿತ ವೇಳೆಯಿಲ್ಲ ಎಂಬಂತಹ ಸಣ್ಣ ವಿಷಯಗಳೇ ಹೆಚ್ಚಾಗಿ ಬರುತ್ತವೆ. ಅವುಗಳನ್ನು ಬರೆದುಕೊಂಡು, ಕನಿಷ್ಠ ಒಂದನ್ನಾದರೂ ತಿಂಗಳೊಳಗೆ ಸರಿಪಡಿಸತಕ್ಕದ್ದು. ಹೇಳಿದ ಮಾತಿಗೆ ಬೆಲೆ ಬಂದುದನ್ನು ಕಂಡ ನೌಕರರು ಮುಂದಿನ ವರ್ಷದ ಮಾತುಕತೆಯಲ್ಲಿ ಇನ್ನಷ್ಟು ಮನಬಿಚ್ಚಿ ಮಾತನಾಡುತ್ತಾರೆ. ಯಾವುದೂ ಬದಲಾಗದಿದ್ದರೆ ಮೌನವಾಗಿ ಊಟ ಮುಗಿಸಿ ಬರುತ್ತಾರೆ.