ಬಾಲ್ಕನಿಯಲ್ಲಿ ಶಂಖಪುಷ್ಪ: ಎರಡು ಸೋಲು, ಒಂದು ಹೂವು

ಸಿಂಗಾಪುರಕ್ಕೆ ಬಂದ ಹೊಸತರಲ್ಲಿ ತಿಂಡಿ ಅಂಗಡಿಯೊಂದರಲ್ಲಿ ನೀಲಿ ಬಣ್ಣದ ಅಂಟಕ್ಕಿ ತಿನಿಸು ನೋಡಿ ಬೆರಗಾದೆವು. ಬಣ್ಣ ಯಾವುದರದ್ದು ಅಂತ ಕೇಳಿದರೆ 'ಬುಂಗಾ ತೆಲಾಂಗ್' ಅಂದರು. ಹುಡುಕಿದರೆ ಅದು ನಮ್ಮ ಶಂಖಪುಷ್ಪ! ನಮ್ಮಲ್ಲೊಬ್ಬರ ಅಜ್ಜಿ ದಿನಾ ಬೇಲಿಯಿಂದ ಬಿಡಿಸಿ ಶಿವನಿಗೆ ಏರಿಸುತ್ತಿದ್ದ ಹೂವು. ಈಗ ಅವರಿಗೆ ಬೇಲಿಯ ತನಕ ನಡೆಯೋಕೆ ಆಗಲ್ಲ. ನಾವೇ ಬೆಳೆಸಿ ತೋರಿಸೋಣ ಅಂತ ಮೂವರು ರೂಮ್‌ಮೇಟ್‌ಗಳು ಹೊರಟೆವು.

ಮೊದಲ ಸೋಲು: ಬೀಜ
ಹತ್ತು ಬೀಜ ಹಾಗೇ ಮಣ್ಣಿಗೆ ಹಾಕಿದೆವು. ಮೂರು ವಾರ ಕಾದರೂ ಮೊಳೆತದ್ದು ಎರಡೇ. ಈ ಬೀಜದ ಸಿಪ್ಪೆ ಗಟ್ಟಿ, ನೀರು ಸುಲಭವಾಗಿ ಒಳಗೆ ಇಳಿಯಲ್ಲ. ಆದ್ದರಿಂದ ಉಪ್ಪುಕಾಗದದಲ್ಲಿ ಒಂದು ಬದಿಯನ್ನು ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೆನೆಸಿ. ಉಬ್ಬಿದ ಬೀಜವನ್ನು ಒಂದು ಸೆಂಟಿಮೀಟರ್ ಆಳದಲ್ಲಿ ಊರಿ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ.

ಎರಡನೇ ಸೋಲು: ಗೊಬ್ಬರ
ಬದುಕಿದ ಎರಡು ಗಿಡಕ್ಕೆ ಪ್ರೀತಿಯಿಂದ ವಾರವಾರ ಯೂರಿಯಾ ಕೊಟ್ಟೆವು. ಬಳ್ಳಿ ಸೊಂಪಾಯಿತು, ಹೂ ಮಾತ್ರ ಇಲ್ಲ. ಇಂಜಿನಿಯರಿಂಗ್ ಓದಿದವರು ನಾವು, ಓದಬೇಕಿದ್ದನ್ನು ಆಮೇಲೆ ಓದಿದೆವು! ಅವರೆ, ಅಲಸಂದೆಯ ಕುಟುಂಬದ ಬಳ್ಳಿ ಇದು. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ. ಮೇಲಿಂದ ಸಾರಜನಕ ಸುರಿದರೆ ಗಂಟು ಕಟ್ಟೋದು ತಗ್ಗುತ್ತೆ, ಎಲೆ ಹೆಚ್ಚಿ ಹೂ ಕಮ್ಮಿಯಾಗುತ್ತೆ. ನೆಡುವಾಗ ಮಣ್ಣಿಗೆ ಸ್ವಲ್ಪ ಕಾಂಪೋಸ್ಟ್ ಬೆರೆಸಿದರೆ ಸಾಕು.

ಉಳಿದದ್ದು ಸುಲಭ
• ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು.
• ಹಬ್ಬಲು ದಾರವನ್ನೋ ಕೋಲನ್ನೋ ಕಟ್ಟಿ.
• ಮೇಲ್ಮಣ್ಣು ಒಣಗಿದಾಗ ನೀರು ಹಾಕಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟರೆ ಇಲ್ಲಿ ದಂಡವೂ ಬೀಳುತ್ತೆ.
• ಊರಿಂದ ಬೀಜ ತರುವ ಮುಂಚೆ ಆಮದು ನಿಯಮ ನೋಡಿ. ನಾವು ಇಲ್ಲೇ ಕೊಂಡೆವು.
• ಹೂವನ್ನು ಬಿಸಿನೀರಿಗೆ ಹಾಕಿದರೆ ನೀಲಿ, ನಿಂಬೆರಸ ಹಿಂಡಿದರೆ ನೇರಳೆ! ಆಂಥೋಸಯನಿನ್ ಬಣ್ಣ ಹುಳಿಗೆ ಹೀಗೆ ಬದಲಾಗುತ್ತೆ. ಬೀಜ ಮಾತ್ರ ತಿನ್ನಬೇಡಿ, ಭೇದಿಯಾಗುತ್ತೆ.

ಯೂರಿಯಾ ನಿಲ್ಲಿಸಿ, ಹೊಸ ಬೀಜ ಉಜ್ಜಿ ನೆಟ್ಟ ಎರಡು ತಿಂಗಳಿಗೆ ಮೊದಲ ಹೂ ಬಿಟ್ಟಿತು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆವು. ಅಜ್ಜಿ ಸುಮಾರು ಹೊತ್ತು ನೋಡಿ, "ಎಲ್ಲಾ ಕೀಳಬೇಡ್ರೋ ಮಕ್ಕಳಾ, ನಾಲ್ಕು ಕಾಯಿಗೆ ಬಿಡಿ" ಅಂದರು.

ಬಿಟ್ಟೆವು. ಒಣಗಿದ ಕಾಯಿಗಳ ಬೀಜ ಈಗ ಒಂದು ಡಬ್ಬಿಯಷ್ಟಿದೆ. ರಾಜ್ಯೋತ್ಸವಕ್ಕೆ ಬಂದಾಗ ಕೇಳಿ ತಗೊಳ್ಳಿ. ಉಜ್ಜೋದು ಮರೀಬೇಡಿ!