ಪಾದ ಎತ್ತುವ ನರ

ನಿಮ್ಮ ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಬೆರಳಿಟ್ಟು ನೋಡಿ. ಅಲ್ಲಿ ಸಿಗುವ ಗಂಟು ಫಿಬುಲಾ ಮೂಳೆಯ ತಲೆ. ಅದರ ಕೆಳಗೇ, ಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು ಪೆರೋನಿಯಲ್ ನರ ಸಾಗುತ್ತೆ. ಇಲ್ಲಿ ಅದರ ಮೇಲೆ ಇರೋದು ಚರ್ಮ ಮತ್ತು ತೆಳುವಾದ ಕೊಬ್ಬು ಅಷ್ಟೇ.

ಮುಂದೆ ಈ ನರ ಎರಡು ಕವಲಾಗುತ್ತೆ. ಒಳಗಿನ ಕವಲು ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆ ಎತ್ತಿಸುತ್ತೆ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯ ಸ್ಪರ್ಶವನ್ನೂ ತಿಳಿಸುತ್ತೆ. ಹೊರಗಿನ ಕವಲು ಪಾದವನ್ನು ಹೊರಕ್ಕೆ ಹೊರಳಿಸುತ್ತೆ. ಪಾದದ ಮೇಲ್ಭಾಗದ ಹೆಚ್ಚಿನ ಸ್ಪರ್ಶ ಇದರದ್ದು.

ನರಕ್ಕೆ ಪೆಟ್ಟಾದರೆ ಪಾದ ಜೋತುಬೀಳುತ್ತೆ. ಇದೇ ಫುಟ್ ಡ್ರಾಪ್. ಬೆರಳು ನೆಲಕ್ಕೆ ತಾಗದಿರಲೆಂದು ರೋಗಿ ಮೊಣಕಾಲನ್ನು ಅತಿಯಾಗಿ ಎತ್ತಿ, ಪಾದವನ್ನು ಪಟ್ ಎಂದು ಇಡುತ್ತಾರೆ. ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕೂರೋದು, ಹೊಲದಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡೋದು, ಬಿಗಿಯಾದ ಪ್ಲಾಸ್ಟರ್, ಮೂಳೆ ಮುರಿತ ಇವೆಲ್ಲ ಕಾರಣಗಳೇ. ಕುಷ್ಠರೋಗದಲ್ಲೂ ಈ ನರ ದಪ್ಪವಾಗುತ್ತೆ. ಅದಕ್ಕೇ ವೈದ್ಯರು ಈ ಜಾಗವನ್ನು ಮುಟ್ಟಿ ನೋಡೋದು.

ನಮ್ಮ ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಆಡುವ ಜೈಂಟ್ಸ್ ತಂಡಕ್ಕೆ 2021ರಲ್ಲಿ ಸೇರಿದ ಜೇಲನ್ ಸ್ಮಿತ್ ಇದಕ್ಕೆ ಒಳ್ಳೆಯ ಉದಾಹರಣೆ. 2016ರ ಜನವರಿ 1ರಂದು, ಕಾಲೇಜು ಫುಟ್‌ಬಾಲ್ ಪಂದ್ಯವೊಂದರಲ್ಲಿ ಅವರ ಎಡ ಮೊಣಕಾಲಿನ ಲಿಗಮೆಂಟ್‌ಗಳು ಹರಿದು, ಈ ನರಕ್ಕೂ ಪೆಟ್ಟಾಯಿತು. ಲಿಗಮೆಂಟ್‌ಗೆ ಶಸ್ತ್ರಚಿಕಿತ್ಸೆ ಆದರೂ ಪಾದ ಏಳಲಿಲ್ಲ. 2016ರ ಇಡೀ ಋತು ಹೊರಗುಳಿದು, 2017ರಲ್ಲಿ ಪಾದಕ್ಕೆ ಆಸರೆ ಪಟ್ಟಿ ಕಟ್ಟಿಕೊಂಡು ಆಟಕ್ಕೆ ಮರಳಿದರು.

ಇಷ್ಟು ದಿನ ಯಾಕೆ? ಒತ್ತಡದಿಂದ ನರದ ಹೊದಿಕೆ ಮಾತ್ರ ಕೆಟ್ಟಿದ್ದರೆ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಹೋಗುತ್ತೆ. ಒಳಗಿನ ಎಳೆಗಳೇ ತುಂಡಾದರೆ ಅವು ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸ್ನಾಯು 20 ಸೆಂಟಿಮೀಟರ್ ದೂರದಲ್ಲಿದ್ದರೆ 200 ದಿನ! ಅತ್ತ ಆಜ್ಞೆ ಸಿಗದ ಸ್ನಾಯು ಸೊರಗುತ್ತಾ ಹೋಗುತ್ತೆ. ಒಂದು, ಒಂದೂವರೆ ವರ್ಷ ಕಳೆದರೆ ನರ ತಲುಪಿದರೂ ಪ್ರಯೋಜನ ಕಡಿಮೆ. ಅಂದ್ರೆ ಇದು ನರಕ್ಕೂ ಸ್ನಾಯುವಿಗೂ ನಡುವಿನ ಓಟ.

ಹಾಗಾಗಿ ಕೂತೆದ್ದಾಗ ಹಿಡಿದ ಜೋಮು ನಿಮಿಷಗಳಲ್ಲಿ ಬಿಟ್ಟರೆ ಚಿಂತೆಯಿಲ್ಲ. ಹಿಮ್ಮಡಿಯ ಮೇಲೆ ನಿಂತು ಪಾದದ ಮುಂಭಾಗ ಎತ್ತೋಕೆ ಆಗದಿದ್ದರೆ ಕಾಯಬೇಡಿ, ವೈದ್ಯರನ್ನು ನೋಡಿ. ಬೆನ್ನಿನ ಡಿಸ್ಕ್ ತೊಂದರೆಯಿಂದಲೂ ಹೀಗಾಗಬಹುದು. ಮುಖ, ಕೈ ಅಥವಾ ಮಾತು ಕೂಡ ಒಮ್ಮೆಲೇ ಕೈಕೊಟ್ಟರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ಆಂಬುಲೆನ್ಸ್ ಕರೆಸಿ.