ಬೇಯಿಸದ ಆಹಾರ: ತಕ್ಕಡಿ, ಉಷ್ಣಮಾಪಕ, ಪಂಚಾಂಗ

ಕಳೆದ ವರ್ಷದ ಮಾತು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಪ್ರಯೋಗ ನಡೆಯುತ್ತಿದ್ದಾಗ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ತಲೆ ಸುತ್ತುತ್ತಿದೆಯೆಂದು ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟನು. ವಿಚಾರಿಸಲಾಗಿ, ಒಲೆಯ ಮೇಲೆ ಇಟ್ಟ ಯಾವ ಪದಾರ್ಥವನ್ನೂ ಅವನು ಮೂರು ತಿಂಗಳಿಂದ ಮುಟ್ಟಿಲ್ಲವೆಂದು ತಿಳಿದುಬಂತು. ಹಾಲು ಮೊಸರುಗಳನ್ನೂ ಬಿಟ್ಟಿದ್ದನು. “ಬೆಂಕಿ ತಾಗಿದ್ದು ಸತ್ತ ಆಹಾರ, ಸಾರ್. ನಾನು ಆರು ಕಿಲೋ ಇಳಿದಿದ್ದೇನೆ. ಇಷ್ಟು ಹಗುರವಾಗಿ ಎಂದೂ ಇರಲಿಲ್ಲ” ಎಂದನು.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದೂ ಅದೇ. ಹಸಿಯ ಸಸ್ಯಾಹಾರವನ್ನು ಮಾತ್ರ ಸೇವಿಸುವವರು ತಮ್ಮ ಅನುಭವವನ್ನು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅದನ್ನು ಅಲ್ಲಗಳೆಯುವ ವೈದ್ಯರೂ ಪ್ರಾಮಾಣಿಕರೇ. ಎರಡೂ ಹೇಗೆ ನಿಜವಾದೀತು? ನಾನು ವೈದ್ಯನಲ್ಲ, ಭೌತವಿಜ್ಞಾನವನ್ನು ಬೋಧಿಸುವವನು. ಆದರೂ ತಕ್ಕಡಿ, ಉಷ್ಣಮಾಪಕ, ಪಂಚಾಂಗ ಈ ಮೂರನ್ನು ಹಿಡಿದು ಈ ಪ್ರಶ್ನೆಯ ಬಹುಭಾಗವನ್ನು ಬಿಡಿಸಬಹುದೆಂದು ನನಗೆ ತೋರುತ್ತದೆ.

ಈ ಮತವು ಹೊಸದಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವೈದ್ಯ ಬರ್ಷರ್-ಬೆನ್ನರ್ ಎಂಬಾತನು ಸುಮಾರು 1900ರಲ್ಲಿ ತನ್ನ ರೋಗಿಗಳಿಗೆ ತುರಿದ ಸೇಬು, ನೆನೆಸಿದ ಓಟ್ಸ್, ನಿಂಬೆರಸ, ಬಾದಾಮಿಗಳ ಮಿಶ್ರಣವನ್ನು ಕೊಡಲಾರಂಭಿಸಿದನು. ಇಂದು ಅಂಗಡಿಗಳಲ್ಲಿ ‘ಮ್ಯೂಸ್ಲಿ’ ಎಂದು ಮಾರಾಟವಾಗುವುದು ಅದರ ಸಂತತಿಯೇ. (ಆತನ ಮಿಶ್ರಣದಲ್ಲಿ ಡಬ್ಬಿಯ ಸಾಂದ್ರ ಹಾಲೂ ಇರುತ್ತಿತ್ತು, ಅದು ಕಾಯಿಸಿಯೇ ತಯಾರಾಗುವ ವಸ್ತು ಎಂಬುದನ್ನು ಅವನ ಅನುಯಾಯಿಗಳು ಅಷ್ಟಾಗಿ ನೆನೆಯುವುದಿಲ್ಲ.) ನಮ್ಮ ದೇಶದಲ್ಲಿ ಗಾಂಧೀಜಿ 1929ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನ ಹೊಸ್ತಿಲಲ್ಲಿ, ಬೇಯಿಸದ ಆಹಾರದ ಪ್ರಯೋಗವನ್ನು ಕೈಗೊಂಡರು. ಮೊಳೆತ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು ಇವೇ ಅವರ ಊಟ. ಪ್ರಯೋಗದ ವರದಿಯನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸುತ್ತ ಹೋದರು. ತೂಕ ಇಳಿಯಿತು, ದೇಹ ಸೊರಗಿತು, ಆಮಶಂಕೆ ಕಾಣಿಸಿಕೊಂಡಿತು. ಆ ವರ್ಷವೇ ಪ್ರಯೋಗವನ್ನು ನಿಲ್ಲಿಸಿ ಆಡಿನ ಹಾಲಿಗೆ ಮರಳಿದರು. ತಮಗೆ ಪ್ರಿಯವಾದ ಸಿದ್ಧಾಂತಕ್ಕೆ ವಿರುದ್ಧವಾಗಿ ಬಂದ ಫಲಿತಾಂಶವನ್ನೂ ಬರೆದಿಟ್ಟ ಅವರ ರೀತಿ ಪ್ರಯೋಗಶಾಲೆಯ ಹುಡುಗರಿಗೆ ಆದರ್ಶವಾಗಬೇಕೆಂದು ನಾನು ತಿಳಿದಿದ್ದೇನೆ.

ಮೊದಲು ಉಷ್ಣಮಾಪಕವನ್ನು ನೋಡೋಣ. ಹಸಿಯ ಆಹಾರದ ವಾದಿಗಳು ಸುಮಾರು 48 ಡಿಗ್ರಿ ಸೆಲ್ಸಿಯಸ್ಸನ್ನು ಒಂದು ಲಕ್ಷ್ಮಣರೇಖೆಯಾಗಿ ಎಳೆಯುತ್ತಾರೆ. ಅದಕ್ಕಿಂತ ಮೇಲೆ ಆಹಾರದ ಕಿಣ್ವಗಳು ಸಾಯುತ್ತವೆ, ಕಿಣ್ವಗಳಿಲ್ಲದ ಆಹಾರ ಜೀರ್ಣಾಂಗಗಳಿಗೆ ಹೊರೆ ಎಂಬುದು ಅವರ ವಾದ. ಕಿಣ್ವವು ಒಂದು ಸಸಾರಜನಕ ವಸ್ತು. ಕಾಯಿಸಿದರೆ ಅದರ ಆಕಾರ ಕೆಟ್ಟು ಕೆಲಸ ನಿಲ್ಲುವುದು ನಿಜ. ಆದರೆ ಎಲ್ಲ ಕಿಣ್ವಗಳಿಗೂ ಒಂದೇ ಮಿತಿಯಿಲ್ಲ. ಮೊಳೆತ ಬಾರ್ಲಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವು 60ರಿಂದ 70 ಡಿಗ್ರಿಗಳಲ್ಲಿಯೇ ಚುರುಕಾಗಿರುತ್ತದೆ. ಅದಲ್ಲದೆ ಸೌತೆಕಾಯಿಯ ಕಿಣ್ವಗಳು ಇರುವುದು ಸೌತೆಕಾಯಿಯ ಉಪಯೋಗಕ್ಕೆ. ನಮ್ಮ ಜಠರದ ತೀಕ್ಷ್ಣ ಆಮ್ಲದಲ್ಲಿ ಅವುಗಳಲ್ಲಿ ಬಹುಪಾಲು, ಒಲೆಯ ಹಂಗಿಲ್ಲದೆಯೇ, ಕೆಟ್ಟು ಚೂರಾಗಿ ಸಾಮಾನ್ಯ ಸಸಾರಜನಕದಂತೆ ಜೀರ್ಣವಾಗುತ್ತವೆ.

ಹಾಗಾದರೆ ಬೆಂಕಿಯಿಂದ ನಷ್ಟವೇ ಇಲ್ಲವೆ? ಉಂಟು. ಜೀವಸತ್ತ್ವ ಸಿ ಶಾಖಕ್ಕೆ ನಾಶವಾಗುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ತರಕಾರಿ ಬೇಯಿಸಿ ನೀರು ಚೆಲ್ಲುವ ಮನೆಯಲ್ಲಿ ಈ ನಷ್ಟ ಸಣ್ಣದಲ್ಲ. ಕೋಸಂಬರಿಯನ್ನೂ ಹಣ್ಣನ್ನೂ ಊಟದಲ್ಲಿ ಸೇರಿಸುವುದಕ್ಕೆ ಇಷ್ಟೇ ಸಾಕಾದ ಕಾರಣ. ಆದರೆ ಬೆಂಕಿಯಿಂದ ಬರುವ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಕ್ಕಿ, ಗೋಧಿ, ಗೆಡ್ಡೆಗಳಲ್ಲಿ ಪಿಷ್ಟವು ಸಣ್ಣ ಸಣ್ಣ ಕಣಗಳಾಗಿ, ಅರ್ಧ ಸ್ಫಟಿಕದಂತೆ ಬಿಗಿಯಾಗಿ ಅಡಕವಾಗಿರುತ್ತದೆ. ಸುಮಾರು 60ರಿಂದ 80 ಡಿಗ್ರಿಗಳ ನಡುವೆ ಈ ಕಣಗಳು ನೀರನ್ನು ಹೀರಿ ಉಬ್ಬಿ ಒಡೆಯುತ್ತವೆ. ಗಂಜಿ ಇದ್ದಕ್ಕಿದ್ದಂತೆ ಗಟ್ಟಿಯಾಗುವ ಕ್ಷಣವನ್ನು ಎಲ್ಲರೂ ನೋಡಿದ್ದೇವೆ. ಆಮೇಲೆ ನಮ್ಮ ಕಿಣ್ವಗಳಿಗೆ ಒಳಹೋಗಲು ದಾರಿ ಸಿಕ್ಕುತ್ತದೆ. 2011ರಲ್ಲಿ ಅಮೆರಿಕದ ಹಾರ್ವರ್ಡಿನ ವಿಜ್ಞಾನಿಗಳು ಇಲಿಗಳಿಗೆ ಗೆಣಸನ್ನು ಹಸಿಯಾಗಿಯೂ, ಜಜ್ಜಿಯೂ, ಬೇಯಿಸಿಯೂ ಕೊಟ್ಟು ತೂಗಿ ನೋಡಿದರು. ಬೆಂದ ಗೆಣಸನ್ನು ತಿಂದ ಇಲಿಗಳೇ ತೂಕವನ್ನು ಚೆನ್ನಾಗಿ ಕಾಯ್ದುಕೊಂಡವು. ಕ್ಯಾರೆಟ್ಟಿನ ಕ್ಯಾರೊಟೀನೂ ಟೊಮೇಟೊ ಹಣ್ಣಿನ ಕೆಂಪು ವಸ್ತುವಾದ ಲೈಕೊಪೀನೂ ಬೆಂದ ಮೇಲೆ, ಸ್ವಲ್ಪ ಎಣ್ಣೆಯ ಜೊತೆಯಲ್ಲಿ, ಹೆಚ್ಚಾಗಿ ರಕ್ತವನ್ನು ಸೇರುತ್ತವೆ.

ಕಾಳುಗಳ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಸ್ತುವಿದೆ. ನಾಲ್ಕೈದು ಹಸಿ ಕಾಳುಗಳಿಂದಲೇ ವಾಂತಿ ಭೇದಿಗಳು ಹತ್ತಬಹುದು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 100 ಡಿಗ್ರಿಯಲ್ಲಿ ಕಡೆಯ ಪಕ್ಷ ಹತ್ತು ನಿಮಿಷ, ಸುರಕ್ಷತೆಗಾಗಿ ಅರ್ಧ ಗಂಟೆ, ಕುದಿಸಿದರೆ ಈ ವಿಷ ನಾಶವಾಗುತ್ತದೆ. 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಸಾಲದು. ಮೊಳಕೆ ಬರಿಸಿದರೆ ಎಲ್ಲ ಕಾಳುಗಳೂ ನಿರಪಾಯವಾಗುತ್ತವೆಂಬ ನಂಬಿಕೆ ತಪ್ಪು. ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ಕ್ರಿಮಿಗಳಿಗೂ ಹಿತ. 2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಹಬ್ಬಿದ ಒಂದು ಭೀಕರ ರೋಗಕ್ಕೆ ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿದರು. ಕೊನೆಗೆ ಪತ್ತೆಯಾದ ಮೂಲ, ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದಿಂದ ಬೆಳೆಸಿದ ಹಸಿ ಮೊಳಕೆ! 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಹಬೆಯಲ್ಲಿ ಒಂದೆರಡು ನಿಮಿಷ ಚೆನ್ನಾಗಿ ಬೆಂದಿದ್ದರೆ ಆ ಕ್ರಿಮಿ ಉಳಿಯುತ್ತಿರಲಿಲ್ಲ.

ಇನ್ನು ತಕ್ಕಡಿ. ಸಾಧಾರಣ ಗಾತ್ರದ ಯುವಕನಿಗೆ ದಿನಕ್ಕೆ ಕಡೆಯ ಪಕ್ಷ 2000 ಕಿಲೋಕ್ಯಾಲೊರಿ ಶಕ್ತಿ ಬೇಕೆನ್ನೋಣ. ಅದನ್ನು ಜೂಲ್‌ಗಳಿಗೆ ತಿರುಗಿಸಿ ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ 97 ವಾಟ್ ಬರುತ್ತದೆ. ನಾವೆಲ್ಲ ಹಗಲೂ ರಾತ್ರಿ ಉರಿಯುವ ನೂರು ವಾಟಿನ ದೀಪಗಳು. ಈ ದೀಪವನ್ನು ಬರಿಯ ಸೌತೆಕಾಯಿಯಿಂದ ಉರಿಸುವುದಾದರೆ ದಿನಕ್ಕೆ 13 ಕಿಲೋ ಬೇಕು. ಕ್ಯಾರೆಟ್ಟಾದರೆ ಸುಮಾರು 5 ಕಿಲೋ. ಕಡಲೆಕಾಯಿ ಬೀಜವಾದರೆ 350 ಗ್ರಾಂ ಸಾಕು, ಆದರೆ ಅಷ್ಟನ್ನು ದಿನವೂ ತಿನ್ನಬಲ್ಲವರನ್ನು ನಾನು ಕಂಡಿಲ್ಲ.

ನನ್ನ ವಿದ್ಯಾರ್ಥಿಯಿಂದ ಅವನ ಒಂದು ದಿನದ ಆಹಾರವನ್ನು ಬರೆಯಿಸಿದೆನು. ಅರ್ಧ ಕಿಲೋ ಪರಂಗಿ ಹಣ್ಣು, ಎಂಟು ಏಲಕ್ಕಿ ಬಾಳೆ, ಅರ್ಧ ಕಿಲೋ ಸೌತೆ ಮತ್ತು ಕ್ಯಾರೆಟ್ಟು, ಒಂದು ಬಟ್ಟಲು ಮೊಳೆತ ಹೆಸರುಕಾಳು, ಸ್ವಲ್ಪ ತೆಂಗಿನಕಾಯಿ, ಒಂದು ಹಿಡಿ ನೆನೆಸಿದ ಕಡಲೆಕಾಯಿ ಬೀಜ. ನೋಡಿದರೆ ಹೊಟ್ಟೆ ಬಿರಿಯುವಷ್ಟಿದೆ! ಆಹಾರದ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕೂಡಿದಾಗ ಸುಮಾರು 1470 ಕಿಲೋಕ್ಯಾಲೊರಿ ಆಯಿತು. ಎಲ್ಲವೂ ಪೂರ್ತಿ ಜೀರ್ಣವಾಯಿತೆಂದು ಭಾವಿಸಿದರೂ ದಿನಕ್ಕೆ 530 ಕೊರತೆ. ತೊಂಬತ್ತು ದಿನಗಳಿಗೆ 47,700. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕಿಲೋಕ್ಯಾಲೊರಿ ಅಡಗಿದೆಯಾದ್ದರಿಂದ, ಇಳಿಯಬೇಕಾದ ತೂಕ 6.2 ಕಿಲೋ. ಅವನು ಇಳಿದದ್ದು ಆರು. ದೇಹದ ‘ಕಲ್ಮಶ’ ಹೊರಹೋಯಿತೆಂಬ ವಿವರಣೆಗೆ ಇಲ್ಲಿ ಜಾಗವೇ ಉಳಿಯಲಿಲ್ಲ. 97 ವಾಟಿನ ದೀಪಕ್ಕೆ 71 ವಾಟಿನ ಎಣ್ಣೆ ಹಾಕುತ್ತಿದ್ದನು, ಅಷ್ಟೆ. ಅತಿ ತೂಕದಿಂದ ಬಳಲುವ ಮಧ್ಯವಯಸ್ಕರಿಗೆ ಇದೇ ಕೊರತೆ ಒಂದು ಚಿಕಿತ್ಸೆ. ತೂಕವೂ ರಕ್ತದ ಕೊಲೆಸ್ಟರಾಲೂ ಕೆಲವೇ ವಾರಗಳಲ್ಲಿ ಇಳಿಯಬಹುದು. (ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ತಿಳಿಸದೆ ಹೀಗೆ ಆಹಾರವನ್ನು ಇಳಿಸಕೂಡದು, ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದೀತು.) ಇಪ್ಪತ್ತರ ಹುಡುಗನಿಗೆ ಅಂಥ ಚಿಕಿತ್ಸೆಯ ಅವಶ್ಯಕತೆಯಿರಲಿಲ್ಲ.

ಕೊನೆಯದಾಗಿ ಪಂಚಾಂಗ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಜೀವಸತ್ತ್ವ ಬಿ-12 ಎಂಬ ವಸ್ತುವನ್ನು ಸಸ್ಯಗಳು ತಯಾರಿಸುವುದಿಲ್ಲ. ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ, ಹಾಲು, ಮೊಟ್ಟೆ, ಮಾಂಸಗಳ ಮೂಲಕ ಅದು ನಮಗೆ ಬರುತ್ತದೆ. ಸಸ್ಯವನ್ನು ಹಸಿಯಾಗಿ ತಿಂದರೂ ಬೇಯಿಸಿ ತಿಂದರೂ ಇಲ್ಲದ್ದು ಇಲ್ಲವೇ. 1929ರಲ್ಲಿ ಇದನ್ನು ಯಾರೂ ಅರಿತಿರಲಿಲ್ಲ. ಈ ವಸ್ತು ಶುದ್ಧರೂಪದಲ್ಲಿ ದೊರೆತದ್ದು 1948ರಲ್ಲಿ. ಕ್ಷ-ಕಿರಣಗಳ ನೆರವಿನಿಂದ ಡೊರೊಥಿ ಹಾಡ್ಜ್‌ಕಿನ್ ಅದರ ರಚನೆಯನ್ನು 1956ರ ವೇಳೆಗೆ ಬಿಡಿಸಿದರು; 1964ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ದಿನಕ್ಕೆ ನಮಗೆ ಬೇಕಾದದ್ದು ಎರಡು ಎರಡೂವರೆ ಮೈಕ್ರೋಗ್ರಾಂ ಮಾತ್ರ. ಚೆನ್ನಾಗಿ ಉಂಡವನ ದೇಹದಲ್ಲಿ, ಬಹುಪಾಲು ಯಕೃತ್ತಿನಲ್ಲಿ, ಸುಮಾರು 3 ಮಿಲಿಗ್ರಾಂ ದಾಸ್ತಾನಿರುತ್ತದೆ. ದಿನವೂ ಈ ದಾಸ್ತಾನಿನ ಸಾವಿರದಲ್ಲಿ ಒಂದೆರಡು ಭಾಗ ಖರ್ಚಾಗುತ್ತದೆ. ಉಳಿದದ್ದರ ನಿಶ್ಚಿತ ಅಂಶವು ಪ್ರತಿದಿನ ಕ್ಷಯಿಸುವುದೆಂದರೇನು? ವಿಕಿರಣಶೀಲ ವಸ್ತುವಿನ ನಿಯಮವೇ! ಅರ್ಧಾಯುವಿನ ಸೂತ್ರವನ್ನು ಹಚ್ಚಿದರೆ, ದಾಸ್ತಾನು ಅರ್ಧವಾಗಲು ಒಂದರಿಂದ ಎರಡು ವರ್ಷ ಬೇಕು. ರೋಗದ ಲಕ್ಷಣಗಳು ಹೊರಬೀಳುವ ಮಟ್ಟ ಸುಮಾರು ಹತ್ತನೆಯ ಒಂದು ಭಾಗವೆಂದಿಟ್ಟುಕೊಂಡರೆ ಮೂರರಿಂದ ಆರು ವರ್ಷ. ಅಂದರೆ ತೂಕ ಇಳಿದ ಉಲ್ಲಾಸ ಮೂರನೆಯ ತಿಂಗಳಲ್ಲಿ. ಕಾಲು ಜೋಮು ಹಿಡಿಯುವುದು, ನೆನಪು ಮಂಕಾಗುವುದು ಐದನೆಯ ವರ್ಷದಲ್ಲಿ. ಮೂರನೆಯ ತಿಂಗಳಲ್ಲಿ ಸಾಕ್ಷಿ ಹೇಳುವವನು ಕಂಡದ್ದನ್ನೇ ಹೇಳುತ್ತಾನೆ. ಅವನ ಗಡಿಯಾರ ಇನ್ನೂ ಅಷ್ಟು ದೂರ ಓಡಿಲ್ಲ.

ಇನ್ನೊಂದು ತೊಡಕೂ ಇದೆ. ಬಿ-12 ಕೊರತೆಯ ಮೊದಲ ಸುಳಿವು ಸಾಧಾರಣವಾಗಿ ರಕ್ತಹೀನತೆ. ಹಸಿರು ಸೊಪ್ಪಿನಲ್ಲಿ ಹೇರಳವಾಗಿರುವ ಫೋಲೇಟ್ ಎಂಬ ಜೀವಸತ್ತ್ವವು ಈ ರಕ್ತಹೀನತೆಯನ್ನು ಮರೆಮಾಡಬಲ್ಲುದು. ರಕ್ತ ನೆಟ್ಟಗಿರುವಂತೆ ಕಾಣುತ್ತಿರುವಾಗಲೇ ನರಗಳು ಕೆಡುತ್ತಿರಬಹುದು. ತಡವಾದರೆ ಆ ಕೇಡು ಪೂರ್ತಿಯಾಗಿ ಹಿಂತಿರುಗದು.

ಇದು ಬರಿಯ ಊಹೆಯಲ್ಲ. ಹಲವು ವರ್ಷಗಳಿಂದ ಹಸಿಯ ಆಹಾರವನ್ನೇ ನಂಬಿದ್ದವರನ್ನು ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿದ್ದಾರೆ. 2005ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 201 ಜನರ ಪೈಕಿ ಕೆಟ್ಟ ಕೊಲೆಸ್ಟರಾಲು ಹೆಚ್ಚಾಗಿದ್ದವರು ನೂರಕ್ಕೆ 14 ಮಾತ್ರ. ಇದು ಗುಣದ ಪಕ್ಷ. ಆದರೆ ನೂರಕ್ಕೆ 38 ಜನರಿಗೆ ಬಿ-12 ಕೊರತೆಯಿತ್ತು, ಒಳ್ಳೆಯ ಕೊಲೆಸ್ಟರಾಲು 46 ಜನರಲ್ಲಿ ಕಡಿಮೆಯಿತ್ತು. 1999ರ ಅವರ ಇನ್ನೊಂದು ವರದಿಯ ಪ್ರಕಾರ, ನಲವತ್ತೈದು ವಯಸ್ಸಿನೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಋತುಸ್ರಾವ ಪೂರ್ತಿಯಾಗಿಯೋ ಭಾಗಶಃವಾಗಿಯೋ ನಿಂತಿತ್ತು. ಎಣ್ಣೆ ಕಡಿಮೆಯಾದ ದೀಪವು ತನಗೆ ಆ ಹೊತ್ತಿಗೆ ಅವಶ್ಯಕವಲ್ಲದ ಕೆಲಸಗಳನ್ನು ಒಂದೊಂದಾಗಿ ಆರಿಸುತ್ತದೆ. ಅಮೆರಿಕದಲ್ಲಿ ಇಂಥ ಹದಿನೆಂಟು ಮಂದಿಯ ಮೂಳೆಗಳನ್ನು ಅಳೆದಾಗ ಬೆನ್ನಿನ ಮತ್ತು ಸೊಂಟದ ಮೂಳೆಗಳ ಸಾಂದ್ರತೆ ಕಡಿಮೆಯಿತ್ತು. ಆದರೂ ಮೂಳೆ ಸವೆಯುವ ವೇಗ ಹೆಚ್ಚಿರಲಿಲ್ಲ, ಜೀವಸತ್ತ್ವ ಡಿ ಕೊರತೆಯೂ ಇರಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು ಈ ಪ್ರಯೋಗಕ್ಕೆ ಇಳಿಯಲೇಬಾರದೆಂದು ನನ್ನ ಅಭಿಪ್ರಾಯ. ಉಳಿದವರು ಹಾಲನ್ನು ಬಿಟ್ಟರೆ ಬಿ-12 ಗುಳಿಗೆಯನ್ನು ವೈದ್ಯರನ್ನು ಕೇಳಿ ಮೊದಲ ದಿನದಿಂದಲೇ ತೆಗೆದುಕೊಳ್ಳಬೇಕು. ಬೇಯಿಸಿ ತಿನ್ನುವ ಶುದ್ಧ ಸಸ್ಯಾಹಾರಿಗಳಿಗೂ ಈ ಮಾತು ಅನ್ವಯಿಸುತ್ತದೆ.

ನನ್ನ ವಿದ್ಯಾರ್ಥಿಯ ರಕ್ತವನ್ನು ವೈದ್ಯರು ಪರೀಕ್ಷಿಸಿದಾಗ ಬಿ-12 ಆಗಲೇ ಕಡಿಮೆಯಿತ್ತು. ಮೂರು ತಿಂಗಳಲ್ಲಿ ಅಷ್ಟು ಇಳಿಯುವುದು ಮೇಲಿನ ಲೆಕ್ಕಕ್ಕೆ ಹೊಂದುವುದಿಲ್ಲವಲ್ಲ ಎಂದು ಅವನೇ ಆಕ್ಷೇಪಿಸಿದನು. ಆಕ್ಷೇಪಣೆ ಸರಿಯಾಗಿತ್ತು. ಉತ್ತರ ಅವನ ಮನೆಯ ಅಡಿಗೆಯಲ್ಲಿತ್ತು: ಚಿಕ್ಕಂದಿನಿಂದ ಸಸ್ಯಾಹಾರ, ಹಾಲೂ ಕಾಫಿಗೆ ಬೆರೆಸಿದಷ್ಟೇ. ನಮ್ಮಲ್ಲಿ ಅನೇಕರು ಅರ್ಧ ಖಾಲಿಯಾದ ಕಣಜದಿಂದಲೇ ಲೆಕ್ಕವನ್ನು ಆರಂಭಿಸುತ್ತಾರೆ. ಈಗ ಅವನು ವೈದ್ಯರು ಹೇಳಿದ ಗುಳಿಗೆಯನ್ನು ನುಂಗುತ್ತಾನೆ. ಅನ್ನ, ಸಾರು, ಮೊಸರುಗಳಿಗೆ ಮರಳಿದ್ದಾನೆ. ಬೆಳಗಿನ ಪರಂಗಿ ಹಣ್ಣನ್ನೂ ಮಧ್ಯಾಹ್ನದ ಕೋಸಂಬರಿಯನ್ನೂ ಬಿಟ್ಟಿಲ್ಲ, ಮೊಳಕೆಯನ್ನು ಮಾತ್ರ ಹಬೆಯಲ್ಲಿ ಬೇಯಿಸಿಕೊಳ್ಳುತ್ತಾನೆ. ನಾಲ್ಕು ಕಿಲೋ ತೂಕ ಹಿಂತಿರುಗಿದೆ. ಅದು ಅವನಿಗೆ ಅಷ್ಟೇನೂ ಹಿಡಿಸಿಲ್ಲ.